ಗಾಯದ ಚಿಕಿತ್ಸೆಯ ಜೊತೆಗೆ ವಯಸ್ಕರಿಗೆ ಧನುರ್ವಾಯು ಬೂಸ್ಟರ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸೂಜಿ ಚುಚ್ಚುವುದರಲ್ಲಿ ಯಾರೂ ಎಡವುವುದಿಲ್ಲ. ತುರ್ತು ಚಿಕಿತ್ಸಾ ಘಟಕಕ್ಕೆ ಹೊಸದಾಗಿ ಬಂದ ನರ್ಸ್ ಕೂಡ ಒಂದು ವಾರ ಕಳೆಯುವಷ್ಟರಲ್ಲಿ ಆ ಕೆಲಸವನ್ನು ನಿದ್ದೆಗಣ್ಣಿನಲ್ಲಿ ಮಾಡಬಲ್ಲರು. ಎಡವುವುದು ಅದಕ್ಕಿಂತ ಎರಡು ನಿಮಿಷ ಮುಂಚೆ. ಕೊಡಬೇಕೋ ಬೇಡವೋ, ಕೊಟ್ಟರೆ ಯಾವುದನ್ನು, ಒಂದು ಸಾಕೋ ಎರಡೂ ಬೇಕೋ ಎಂಬಲ್ಲಿ.

ತಪ್ಪು ಎರಡು ದಿಕ್ಕಿನಲ್ಲಿ ಆಗುತ್ತದೆ. ಕಳೆದ ವರ್ಷವಷ್ಟೇ ಬೂಸ್ಟರ್ ಪಡೆದವರಿಗೆ ತರಚು ಗಾಯಕ್ಕೂ ‘ಇರಲಿ, ಒಂದು ಟಿ.ಟಿ. ಹಾಕಿಬಿಡಿ’ ಎನ್ನುವುದು ಒಂದು. ಜನ್ಮದಲ್ಲಿ ಒಂದೂ ಡೋಸ್ ಪಡೆಯದ ಹಿರಿಯರಿಗೆ ಮಣ್ಣು ಮೆತ್ತಿದ ಆಳದ ಗಾಯವಾದಾಗ ಅದೇ ಒಂದು ಟಿ.ಟಿ. ಕೊಟ್ಟು ಮನೆಗೆ ಕಳಿಸುವುದು ಇನ್ನೊಂದು. ಮೊದಲನೆಯದರಿಂದ ತೋಳು ಊದಿಕೊಳ್ಳುತ್ತದೆ. ಎರಡನೆಯದರಿಂದ ಜೀವ ಹೋಗಬಹುದು.

ಈ ಬರಹ ಗಾಯ ನೋಡುವ ನರ್ಸ್‌ಗಳಿಗೆ ಮತ್ತು ಡ್ಯೂಟಿ ವೈದ್ಯರಿಗೆ. ದೇಶದಿಂದ ದೇಶಕ್ಕೆ ಮಾರ್ಗಸೂಚಿಯಲ್ಲಿ ಸಣ್ಣ ವ್ಯತ್ಯಾಸಗಳಿವೆ. ನಿಮ್ಮ ಘಟಕದ ಲಿಖಿತ ನಿಯಮ ಮತ್ತು ವೈದ್ಯರ ಆದೇಶವೇ ಅಂತಿಮ. ಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲ.

## ಮೊದಲು ವಯಲ್‌ಗಳನ್ನು (ಔಷಧಿಯ ಪುಟ್ಟ ಸೀಸೆಗಳನ್ನು) ಗುರುತಿಸಿ

ರೋಗಿಗಳು ಎಲ್ಲವನ್ನೂ ‘ಟಿ.ಟಿ. ಇಂಜೆಕ್ಷನ್’ ಎನ್ನುತ್ತಾರೆ. ಅವರು ಹೇಳಿದರೆ ತಪ್ಪಿಲ್ಲ. ನಾವೂ ಹಾಗೆಯೇ ಅಂದುಕೊಂಡರೆ ಕೆಟ್ಟಿತು.

ಟಿ.ಟಿ. ಎಂದರೆ ಧನುರ್ವಾಯು ಟಾಕ್ಸಾಯ್ಡ್ (ರೋಗಾಣುವಿನ ವಿಷವನ್ನು ನಿರಪಾಯಗೊಳಿಸಿ ಮಾಡಿದ ಲಸಿಕೆ) ಮಾತ್ರ. ಟಿಡಿ ಎಂದರೆ ಅದರ ಜೊತೆಗೆ ಕಡಿಮೆ ಪ್ರಮಾಣದ ಡಿಫ್ತೀರಿಯಾ ಟಾಕ್ಸಾಯ್ಡ್ ಸೇರಿದ್ದು. ಬರೀ ಟಿ.ಟಿ. ಬದಲು ಟಿಡಿ ಬಳಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಟಿಡ್ಯಾಪ್‌ನಲ್ಲಿ ಇವೆರಡರ ಜೊತೆ ನಾಯಿಕೆಮ್ಮಿನ ಅಂಶವೂ ಇದೆ. ವಯಸ್ಕರಾದ ಮೇಲೆ ಟಿಡ್ಯಾಪ್ ಒಮ್ಮೆಯೂ ಪಡೆಯದವರಿಗೆ, ಅದು ಲಭ್ಯವಿದ್ದರೆ, ಗಾಯದ ಸಂದರ್ಭದಲ್ಲಿ ಅದನ್ನೇ ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಟಿಡಿ ಸಾಕು, ಟಿಡ್ಯಾಪ್ ತರಿಸಲು ಕಾಯಬೇಡಿ.

ಫ್ರಿಜ್‌ನಲ್ಲಿ ಟಿಡಿ ಪಕ್ಕದಲ್ಲೇ ಡಿಟಿ ಎಂಬ ಇನ್ನೊಂದು ವಯಲ್ ಇರಬಹುದು. ಎರಡಕ್ಷರ ಹಿಂದೆ ಮುಂದೆ, ಅಷ್ಟೇ. ಆದರೆ ಡಿಟಿ ಚಿಕ್ಕ ಮಕ್ಕಳದ್ದು. ಅದರಲ್ಲಿ ಡಿಫ್ತೀರಿಯಾ ಅಂಶ ಹೆಚ್ಚು, ವಯಸ್ಕರಿಗೆ ಕೊಟ್ಟರೆ ತೋಳಿನ ಪ್ರತಿಕ್ರಿಯೆ ಜೋರಾಗುತ್ತದೆ. ಎರಡನ್ನೂ ಒಂದೇ ಟ್ರೇನಲ್ಲಿ ಇಡುವ ಘಟಕದಲ್ಲಿ ಇವತ್ತಲ್ಲ ನಾಳೆ ಕೈ ತಪ್ಪಿಯೇ ತಪ್ಪುತ್ತದೆ.

ಧನುರ್ವಾಯು ಇಮ್ಯುನೊಗ್ಲಾಬ್ಯುಲಿನ್ ಬೇರೆಯೇ ವಸ್ತು, ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ಲಸಿಕೆ ಬಿತ್ತನೆಯಿದ್ದಂತೆ, ಇದು ಕೈಸಾಲವಿದ್ದಂತೆ. ಲಸಿಕೆ ಪಡೆದ ದೇಹ ತಾನೇ ಪ್ರತಿಕಾಯಗಳನ್ನು ತಯಾರಿಸಬೇಕು, ಅದಕ್ಕೆ ಸಮಯ ಬೇಕು. ಹಿಂದೆ ಮೂರು ಡೋಸ್ ಪಡೆದ ದೇಹಕ್ಕೆ ನೆನಪಿರುತ್ತದೆ, ಬೂಸ್ಟರ್ ಬಿದ್ದ ಕೆಲವೇ ದಿನಗಳಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಎಂದೂ ಪಡೆಯದ ದೇಹಕ್ಕೆ ಮೊದಲ ಡೋಸ್‌ನಿಂದ ಈ ಗಾಯದ ಮಟ್ಟಿಗೆ ಭರವಸೆಯ ರಕ್ಷಣೆ ಸಿಗುವುದಿಲ್ಲ. ರೋಗಾಣುವಾದರೋ ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ತನ್ನ ಕೆಲಸ ಮುಗಿಸುತ್ತದೆ. ಆ ಅಂತರವನ್ನು ತುಂಬುವುದು ಇಮ್ಯುನೊಗ್ಲಾಬ್ಯುಲಿನ್. ಅದು ಕೆಲವು ವಾರ ಕಾಪಾಡಿ ಕರಗಿಹೋಗುತ್ತದೆ. ಮುಂದೆ ಬರುವ ನಿರ್ಧಾರಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

## ಬೇಕಾದ ಸಾಮಗ್ರಿ

ಗಾಯದ ಟ್ರೇ ಮತ್ತು ಲಸಿಕೆಯ ಟ್ರೇ ಎರಡೂ ಬೇರೆ ಬೇರೆ ಇರಲಿ. ರಕ್ತ ಮೆತ್ತಿದ ಗ್ಲೌಸ್ ತೊಟ್ಟ ಕೈಯಲ್ಲೇ ವಯಲ್ ಎತ್ತುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಗಾಯಕ್ಕೆ: ಧಾರಾಳವಾಗಿ ಸಲೈನ್ ಅಥವಾ ಕುಡಿಯಲು ಯೋಗ್ಯವಾದ ಶುದ್ಧ ನೀರು, 30 ಅಥವಾ 50 ಮಿ.ಲೀ. ಸಿರಿಂಜ್, ಇಕ್ಕಳ, ಕತ್ತರಿ, ಸ್ಥಳೀಯ ಅರಿವಳಿಕೆ, ಗಾಜ್, ಕಣ್ಣಿನ ರಕ್ಷಣೆಗೆ ಕನ್ನಡಕ.

ಲಸಿಕೆಗೆ: ಒಮ್ಮೆ ಬಳಸಿ ಬಿಸಾಡುವ ಸಿರಿಂಜ್, 22ರಿಂದ 25 ಗೇಜ್‌ನ 25 ಮಿ.ಮೀ. ಸೂಜಿ, ದಪ್ಪ ತೋಳಿನವರಿಗೆ 38 ಮಿ.ಮೀ. ಸೂಜಿ, ಸ್ಪಿರಿಟ್ ಸ್ವ್ಯಾಬ್, ಹತ್ತಿ, ಸೂಜಿ ಹಾಕುವ ಗಟ್ಟಿ ಡಬ್ಬಿ. ಕೈಗೆಟುಕುವಲ್ಲಿ, ತೀವ್ರ ಅಲರ್ಜಿಯಾದರೆ ಕೊಡಲು, ಅಡ್ರಿನಲಿನ್ ಇರಬೇಕು. ಬೀಗ ಹಾಕಿದ ಕಪಾಟಿನಲ್ಲಿರುವ ಅಡ್ರಿನಲಿನ್ ಇಲ್ಲದಿರುವುದಕ್ಕೆ ಸಮ.

## ಹಂತ 1: ಗಾಯವೇ ಮೊದಲು

ರಕ್ತಸ್ರಾವ, ಉಸಿರಾಟ, ಪ್ರಜ್ಞೆ ಇವು ಸರಿಯಾದ ಮೇಲೆಯೇ ಉಳಿದದ್ದು. ಅದಾದ ಕೂಡಲೇ ತೊಳೆಯುವುದು.

ಧನುರ್ವಾಯುವಿನ ರೋಗಾಣು ಮಣ್ಣು, ದೂಳು, ಗೊಬ್ಬರಗಳಲ್ಲಿ ಬೀಜಾಣು ರೂಪದಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದು ಮೊಳೆಯುವುದು ಆಮ್ಲಜನಕ ಇಲ್ಲದ ಜಾಗದಲ್ಲಿ: ಆಳದ ತೂತು, ಜಜ್ಜಿಹೋದ ಮಾಂಸ, ಒಳಗೆ ಉಳಿದ ಕಸದ ಸುತ್ತ. ಆ ಜಾಗವನ್ನೇ ಇಲ್ಲದಂತೆ ಮಾಡುವುದು ನಿಮ್ಮ ಮೊದಲ ಕೆಲಸ. ಲಸಿಕೆ ಕೊಟ್ಟೆವಲ್ಲ ಎಂದು ಕೊಳಕನ್ನು ಒಳಗೇ ಬಿಟ್ಟು ಹೊಲಿದರೆ ರೋಗಾಣುವಿಗೆ ಮನೆ ಕಟ್ಟಿಕೊಟ್ಟಂತೆ.

ಒತ್ತಡದ ಧಾರೆಯಿಂದ ತೊಳೆಯಿರಿ. ಗಾಯದ ಪ್ರತಿ ಸೆಂಟಿಮೀಟರ್ ಉದ್ದಕ್ಕೆ 50ರಿಂದ 100 ಮಿ.ಲೀ. ಎಂಬುದು ಸಾಮಾನ್ಯ ಲೆಕ್ಕ. ಕೊಳಕು ಹೆಚ್ಚಿದ್ದರೆ ಅದಕ್ಕೂ ಹೆಚ್ಚು. ಬಟ್ಟಲಿನಲ್ಲಿ ಸಲೈನ್ ಹಾಕಿ ಹತ್ತಿಯಿಂದ ಒರೆಸುವುದು ತೊಳೆಯುವುದಲ್ಲ. ಸತ್ತ ಅಂಗಾಂಶ ಕತ್ತರಿಸಿ, ಮುಳ್ಳಿನ ಚೂರು, ಗಾಜು, ಬಟ್ಟೆಯ ಎಳೆ ತೆಗೆಯಿರಿ. ಹೈಡ್ರೊಜನ್ ಪೆರಾಕ್ಸೈಡ್ ನೊರೆ ಉಕ್ಕುವುದನ್ನು ನೋಡಿ ರೋಗಿಗೆ ಸಮಾಧಾನವಾಗಬಹುದು, ಆದರೆ ಅದು ಜೀವಂತ ಅಂಗಾಂಶವನ್ನೂ ಸುಡುತ್ತದೆ. ತೊಳೆದರೂ ಶುದ್ಧವಾಯಿತು ಎನ್ನಿಸದ ಗಾಯವನ್ನು ಅಂದೇ ಹೊಲಿಯಬೇಕೆಂಬ ಹಟ ಬೇಡ. ತೆರೆದಿಟ್ಟು ಕೆಲವು ದಿನಗಳ ನಂತರ ಮುಚ್ಚುವುದಕ್ಕೆ ಅದರದೇ ಆದ ಜಾಗವಿದೆ.

ಆಂಟಿಬಯಾಟಿಕ್ ಕೊಟ್ಟರೆ ಲಸಿಕೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

## ಹಂತ 2: ಗಾಯ ಯಾವ ಗುಂಪಿನದು?

ಎರಡೇ ಗುಂಪು. ‘ಶುದ್ಧ, ಸಣ್ಣ’ ಒಂದು. ‘ಉಳಿದೆಲ್ಲ’ ಇನ್ನೊಂದು. ಮಣ್ಣು, ಮಲ, ಎಂಜಲು ತಾಗಿದ್ದು, ಚುಚ್ಚಿದ್ದು, ಜಜ್ಜಿದ್ದು, ಚರ್ಮ ಕಿತ್ತುಬಂದದ್ದು, ಸುಟ್ಟದ್ದು, ಹಿಮ ಕಚ್ಚಿದ್ದು, ಗುಂಡು ಹೊಕ್ಕದ್ದು ಎಲ್ಲವೂ ಎರಡನೆಯದರಲ್ಲಿ.

ಇಲ್ಲಿ ದಾರಿ ತಪ್ಪಿಸುವುದು ತುಕ್ಕು. ‘ಮೊಳೆಗೆ ತುಕ್ಕು ಹಿಡಿದಿರಲಿಲ್ಲ’ ಎಂದರೆ ನಿರಾಳರಾಗಬೇಡಿ. ತುಕ್ಕು ರೋಗ ತರುವುದಿಲ್ಲ. ಮೊಳೆ ಎಲ್ಲಿ ಬಿದ್ದಿತ್ತು, ಎಷ್ಟು ಆಳ ಹೋಯಿತು ಎಂಬುದು ಮುಖ್ಯ. ಹೊಳೆಯುವ ಹೊಸ ಮೊಳೆ ಚಪ್ಪಲಿಯ ಅಟ್ಟೆಯನ್ನು ದಾಟಿ ಪಾದಕ್ಕೆ ಹೊಕ್ಕರೆ ಅದು ಎರಡನೆಯ ಗುಂಪಿನ ಗಾಯವೇ. ಹೊರಗೆ ರಕ್ತದ ಒಂದು ಚುಕ್ಕೆ ಮಾತ್ರ ಕಾಣುವ ಮುಳ್ಳಿನ ಗಾಯ ಅಂಗೈ ಅಗಲದ ತರಚಿಗಿಂತ ಅಪಾಯಕಾರಿ. ಅನುಮಾನ ಬಂದರೆ ಎರಡನೆಯ ಗುಂಪಿಗೆ ಹಾಕಿ.

## ಹಂತ 3: ಸರಿಯಾದ ಪ್ರಶ್ನೆ ಕೇಳಿ

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಇಲ್ಲಿ. ‘ಟಿ.ಟಿ. ಆಗಿದೆಯಾ?’ ಎಂಬ ಒಂದೇ ಪ್ರಶ್ನೆ, ‘ಹೂಂ’ ಎಂಬ ಒಂದೇ ಉತ್ತರ, ಕೇಸ್ ಶೀಟಿನಲ್ಲಿ ಒಂದು ಟಿಕ್. ಅಲ್ಲಿಗೆ ಮುಗಿಯಿತು.

ಒಮ್ಮೆ ಪಾದಕ್ಕೆ ಸಲಾಕೆ ಚುಚ್ಚಿಸಿಕೊಂಡ ಹಿರಿಯರೊಬ್ಬರು ಡ್ರೆಸಿಂಗ್ ಮೇಜಿನ ಮೇಲೆ ಕುಳಿತು, ‘ಹೋದ ತಿಂಗಳಷ್ಟೇ ಹಾಕಿಸಿಕೊಂಡಿದ್ದೇನಮ್ಮ, ಮತ್ತೆ ಬೇಡ’ ಎಂದು ಕೈ ಅಡ್ಡ ಹಿಡಿದರು. ಯಾಕೆ ಹಾಕಿದರು ಎಂದು ಕೇಳಿದೆ. ಬೆನ್ನುನೋವಿಗಂತೆ. ಎಲ್ಲಿಗೆ ಹಾಕಿದರು? ಸೊಂಟಕ್ಕಂತೆ. ಅವರ ಪಾಲಿಗೆ ಸೂಜಿಯಲ್ಲಿ ಬಂದದ್ದೆಲ್ಲ ಟಿ.ಟಿ.ಯೇ. ಇನ್ನಷ್ಟು ಕೆದಕಿದಾಗ ತಿಳಿದದ್ದು: ಬಾಲ್ಯದಲ್ಲಿ ಲಸಿಕೆ ಹಾಕಿಸಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ, ಆಮೇಲೆ ಗಾಯಕ್ಕೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೂ ಇಲ್ಲ. ‘ಆಗಿದೆ’ ಎಂಬ ಟಿಕ್ ಹಾಕಿದ್ದರೆ ಅವರಿಗೆ ಏನೂ ಸಿಗುತ್ತಿರಲಿಲ್ಲ. ಸಿಗಬೇಕಾದದ್ದು ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಎರಡೂ ಆಗಿತ್ತು.

ಆದ್ದರಿಂದ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ: ಜೀವನದಲ್ಲಿ ಒಟ್ಟು ಎಷ್ಟು ಡೋಸ್? ಕೊನೆಯದು ಯಾವ ವರ್ಷ? ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಕೇಳುವುದು ಅತಿ ಸಾಮಾನ್ಯ ತಪ್ಪು. ನಾಲ್ಕು ವರ್ಷದ ಹಿಂದೆ ಒಂದೇ ಒಂದು ಡೋಸ್ ಪಡೆದವರು ‘ಐದು ವರ್ಷದೊಳಗೆ ಆಗಿದೆ’ ಎಂಬ ಸಾಲಿಗೆ ಸೇರುವುದಿಲ್ಲ. ಅವರಿಗೆ ಬುನಾದಿಯೇ ಬಿದ್ದಿಲ್ಲ.

ನೆನಪು ಕೆದಕಲು ಕೆಲವು ದಾರಿಗಳಿವೆ. ಮಹಿಳೆಯರಿಗೆ ಗರ್ಭಿಣಿಯಾಗಿದ್ದಾಗ ತೋಳಿಗೆ ಹಾಕಿದರೇ, ಎಷ್ಟು ಬಾರಿ ಎಂದು ಕೇಳಿ. ಸೇನೆಯಲ್ಲಿದ್ದವರಿಗೆ ಅಲ್ಲಿನ ದಾಖಲೆ ಇರಬಹುದು. ಶಾಲೆಯಲ್ಲಿ ಸಾಲು ನಿಲ್ಲಿಸಿ ಹಾಕಿದ್ದು, ಹಿಂದೆ ಹೊಲಿಗೆ ಬಿದ್ದ ಗಾಯದ ಗುರುತು, ಮೊಬೈಲ್‌ನಲ್ಲಿ ಉಳಿದ ಹಳೆಯ ಚೀಟಿಯ ಫೋಟೊ ಎಲ್ಲವೂ ಸುಳಿವು. ಆದರೆ ಸುಳಿವು ಸುಳಿವೇ. ಲೆಕ್ಕ ಖಚಿತವಾಗದಿದ್ದರೆ ‘ಒಂದೂ ಆಗಿಲ್ಲ’ ಎಂದೇ ಹಿಡಿಯಬೇಕು. ಪ್ರಜ್ಞೆ ಇಲ್ಲದವರು, ಕುಡಿದು ಬಂದವರು, ಗೊಂದಲದಲ್ಲಿರುವ ವೃದ್ಧರು ಎಲ್ಲರೂ ಈ ಸಾಲಿನಲ್ಲೇ.

ಹಿಂದೆ ಧನುರ್ವಾಯು ಬಂದು ಗುಣವಾದವರು ನಿಮ್ಮ ಮುಂದೆ ಕುಳಿತರೆ ಅವರಿಗೂ ಇದೇ ಲೆಕ್ಕ. ಈ ರೋಗ ಬಂದುಹೋದರೆ ರೋಗನಿರೋಧಕ ಶಕ್ತಿ ಬರುವುದಿಲ್ಲ. ಕಾಯಿಲೆ ತರಿಸುವಷ್ಟು ವಿಷವೂ ದೇಹಕ್ಕೆ ಪಾಠ ಕಲಿಸಲು ಸಾಲದು.

ಇದೇ ಹೊತ್ತಿನಲ್ಲಿ ಇನ್ನೂ ನಾಲ್ಕು ವಿಷಯ ಕೇಳಿಬಿಡಿ: ಹಿಂದಿನ ಲಸಿಕೆಗೆ ಅಲರ್ಜಿ ಆಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧಿ ಇದೆಯೇ, ಗರ್ಭಿಣಿಯೇ.

## ಹಂತ 4: ನಿರ್ಧಾರ

ಎರಡು ನಿರ್ಧಾರಗಳನ್ನು ಒಂದಕ್ಕೊಂದು ಕಲಸದೆ ತೆಗೆದುಕೊಳ್ಳಿ. ಲಸಿಕೆ ಬೇಕೇ ಎಂಬುದು ಒಂದು. ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂಬುದು ಇನ್ನೊಂದು.

ಮೂರು ಅಥವಾ ಹೆಚ್ಚು ಡೋಸ್ ಖಚಿತ, ಗಾಯ ಶುದ್ಧ ಮತ್ತು ಸಣ್ಣದು: ಕೊನೆಯ ಡೋಸ್ ಆಗಿ 10 ವರ್ಷ ಅಥವಾ ಹೆಚ್ಚು ಕಳೆದಿದ್ದರೆ ಮಾತ್ರ ಲಸಿಕೆ. ಇಮ್ಯುನೊಗ್ಲಾಬ್ಯುಲಿನ್ ಬೇಡ.

ಮೂರು ಅಥವಾ ಹೆಚ್ಚು ಡೋಸ್ ಖಚಿತ, ಉಳಿದ ಯಾವುದೇ ಗಾಯ: 5 ವರ್ಷ ಅಥವಾ ಹೆಚ್ಚು ಕಳೆದಿದ್ದರೆ ಲಸಿಕೆ. ಇಮ್ಯುನೊಗ್ಲಾಬ್ಯುಲಿನ್ ಬೇಡ.

ಮೂರಕ್ಕಿಂತ ಕಡಿಮೆ ಅಥವಾ ಗೊತ್ತಿಲ್ಲ, ಗಾಯ ಶುದ್ಧ ಮತ್ತು ಸಣ್ಣದು: ಲಸಿಕೆ ಬೇಕು. ಇಮ್ಯುನೊಗ್ಲಾಬ್ಯುಲಿನ್ ಬೇಡ.

ಮೂರಕ್ಕಿಂತ ಕಡಿಮೆ ಅಥವಾ ಗೊತ್ತಿಲ್ಲ, ಉಳಿದ ಯಾವುದೇ ಗಾಯ: ಎರಡೂ ಬೇಕು.

ಈ ನಾಲ್ಕು ಸಾಲುಗಳನ್ನು ಡ್ರೆಸಿಂಗ್ ಕೋಣೆಯ ಗೋಡೆಗೆ ಅಂಟಿಸಿ. ಐದನೆಯ ಸಾಲೊಂದನ್ನು ಕೆಳಗೆ ಸೇರಿಸಿ: ಎಚ್‌ಐವಿ ಅಥವಾ ತೀವ್ರ ರೋಗನಿರೋಧಕ ಕೊರತೆ ಇರುವವರಿಗೆ ಗಾಯ ಕೊಳಕಾಗಿದ್ದರೆ, ಹಿಂದೆ ಎಷ್ಟೇ ಡೋಸ್ ಆಗಿರಲಿ, ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು.

‘ಆರು ತಿಂಗಳಿಗೊಮ್ಮೆ ಟಿ.ಟಿ.’ ಎಂಬ ನಂಬಿಕೆಗೆ ಈ ಕೋಷ್ಟಕದಲ್ಲಿ ಎಲ್ಲಿಯೂ ಜಾಗವಿಲ್ಲ. ಪದೇ ಪದೇ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯಗಳು ತುಂಬಿರುತ್ತವೆ. ಮತ್ತೊಂದು ಡೋಸ್ ಬಿದ್ದ ಕೆಲವೇ ಗಂಟೆಗಳಲ್ಲಿ ಭುಜದಿಂದ ಮೊಣಕೈವರೆಗೆ ತೋಳು ಕೆಂಪಾಗಿ ಊದಬಹುದು. ಅಂಥ ಪ್ರತಿಕ್ರಿಯೆ ಹಿಂದೊಮ್ಮೆ ಆಗಿದ್ದರೆ, ಗಾಯ ಯಾವುದೇ ಇರಲಿ, ಕೊನೆಯ ಡೋಸ್‌ನಿಂದ 10 ವರ್ಷ ಕಳೆಯುವವರೆಗೆ ಮತ್ತೆ ಕೊಡುವಂತಿಲ್ಲ. ಒತ್ತಾಯ ಮಾಡುವ ರೋಗಿಗೆ ‘ನಿಮಗೆ ಈಗಾಗಲೇ ರಕ್ಷಣೆ ಇದೆ, ಇಗೋ ದಿನಾಂಕ’ ಎಂದು ಚೀಟಿ ತೋರಿಸಿ ಹೇಳಿ. ಸೂಜಿ ಹಾಕದೆ ಕಳಿಸಿದರೆ ಚಿಕಿತ್ಸೆಯೇ ಆಗಲಿಲ್ಲ ಎಂದುಕೊಳ್ಳುವವರು ಬಹಳ ಜನ, ಅವರಿಗೆ ಆ ಎರಡು ನಿಮಿಷ ಕೊಡಬೇಕು.

‘24 ಗಂಟೆ ದಾಟಿತು, ಇನ್ನು ಪ್ರಯೋಜನವಿಲ್ಲ’ ಎಂಬುದೂ ಸುಳ್ಳು. ಬೇಗ ಕೊಟ್ಟಷ್ಟೂ ಒಳ್ಳೆಯದು, ನಿಜ. ಆದರೆ ನಾಲ್ಕು ದಿನ ತಡವಾಗಿ ಬಂದವರನ್ನೂ ಕೋಷ್ಟಕದ ಪ್ರಕಾರವೇ ನೋಡಿ. ರೋಗ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು ಎಂದಮೇಲೆ ತಡವಾದ ರಕ್ಷಣೆಗೂ ಬೆಲೆಯಿದೆ.

## ಹಂತ 5: ನಿಲ್ಲಿಸಿ ವೈದ್ಯರನ್ನು ಕೇಳಬೇಕಾದ ಸಂದರ್ಭ

ಹಿಂದಿನ ಡೋಸ್‌ಗೆ ಅಥವಾ ಅದರ ಯಾವುದಾದರೂ ಅಂಶಕ್ಕೆ ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್ ಆಗಿದ್ದವರಿಗೆ ಲಸಿಕೆ ಕೊಡುವಂತಿಲ್ಲ. ಧನುರ್ವಾಯು ಲಸಿಕೆ ಪಡೆದ ಆರು ವಾರದೊಳಗೆ ಗಿಲನ್-ಬಾರೆ ಕಾಯಿಲೆ (ನರಗಳಿಗೆ ಪೆಟ್ಟು ಬಿದ್ದು ಕೈಕಾಲು ಸೋಲುವ ಕಾಯಿಲೆ) ಬಂದಿದ್ದರೆ ಲಾಭ ನಷ್ಟ ತೂಗಬೇಕಾದವರು ವೈದ್ಯರು. ಲಸಿಕೆ ಕೊಡಲಾಗದ ವ್ಯಕ್ತಿಯ ಗಾಯ ಕೊಳಕಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್‌ನ ಮಾತು ಎತ್ತಲು ಮರೆಯಬೇಡಿ.

ಸಣ್ಣ ಜ್ವರ, ನೆಗಡಿ, ಆಂಟಿಬಯಾಟಿಕ್ ಸೇವನೆ, ಎದೆಹಾಲು ಕುಡಿಸುವುದು, ಗರ್ಭ ಇವು ಯಾವುವೂ ಅಡ್ಡಿಯಲ್ಲ. ಗರ್ಭಿಣಿಯ ಗಾಯಕ್ಕೆ ಲಸಿಕೆ ಬೇಕೆಂದಾದರೆ ಕೊಡಲೇಬೇಕು. ಹೆದರಿ ಮುಂದೂಡಿದರೆ ಅಪಾಯ ಇಬ್ಬರಿಗೆ.

## ಹಂತ 6: ವಯಲ್ ಪರೀಕ್ಷೆ

ಹೆಸರು ಓದಿ. ಅವಧಿ ಮುಗಿಯುವ ದಿನಾಂಕ ಓದಿ. ವಯಲ್ ಮೇಲೆ ಉಷ್ಣತೆಯ ಗುರುತು ಇದ್ದರೆ ಒಳಗಿನ ಚೌಕವು ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು; ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಅಥವಾ ಚೌಕವೇ ಗಾಢವಾಗಿದ್ದರೆ ಬಿಸಾಡಿ.

ಈ ಲಸಿಕೆಯ ಜಾಗ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿಗಿಂತಲೂ ಹೆಚ್ಚಾಗಿ ಇದನ್ನು ಕೊಲ್ಲುವುದು ಹೆಪ್ಪುಗಟ್ಟುವಿಕೆ. ಐಸ್ ಪ್ಯಾಕ್‌ಗೆ ನೇರ ತಾಗಿಸಿ ಇಟ್ಟ ವಯಲ್, ಫ್ರೀಜರ್ ತಟ್ಟೆಯ ಕೆಳಗೇ ಇಟ್ಟ ವಯಲ್ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿದ ಲಸಿಕೆ ಇದು. ಹೆಪ್ಪುಗಟ್ಟಿ ಕರಗಿದರೆ ಆ ಬಂಧ ಮುರಿಯುತ್ತದೆ. ಅನುಮಾನವಿದ್ದ ವಯಲ್ ಅಲುಗಾಡಿಸಿ ಮೇಜಿನ ಮೇಲಿಟ್ಟಾಗ ಚಕ್ಕೆ ಚಕ್ಕೆಯಾಗಿ ಬೇಗನೆ ತಳ ಸೇರಿದರೆ ಅದು ಹೋಯಿತು ಎಂದೇ ಅರ್ಥ.

ಸರಿಯಿದ್ದ ವಯಲನ್ನು ಎಳೆದುಕೊಳ್ಳುವ ಮುನ್ನ ಚೆನ್ನಾಗಿ ಅಲುಗಾಡಿಸಿ. ದ್ರವ ಒಂದೇ ಸಮನೆ ಬೆಳ್ಳಗೆ ಮಸುಕಾಗಬೇಕು. ಅಲುಗಾಡಿಸದೆ ಮೇಲಿನ ತಿಳಿಯನ್ನಷ್ಟೇ ಎಳೆದು ಕೊಡುವುದನ್ನು ನಾನು ಅನುಭವಿಗಳ ಕೈಯಲ್ಲೂ ನೋಡಿದ್ದೇನೆ. ರೋಗಿಗೆ ಹೋದದ್ದು ಬಹುಪಾಲು ನೀರು. ಹಲವು ಡೋಸ್‌ಗಳ ವಯಲ್ ತೆರೆದಾಗ ದಿನಾಂಕ ಮತ್ತು ಗಂಟೆಯನ್ನು ಅದರ ಮೈಮೇಲೇ ಬರೆಯಿರಿ. ಸೂಜಿಯನ್ನು ರಬ್ಬರ್ ಮುಚ್ಚಳದಲ್ಲೇ ಚುಚ್ಚಿ ಬಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

## ಹಂತ 7: ಲಸಿಕೆ ಕೊಡುವುದು

ಪ್ರಮಾಣ 0.5 ಮಿ.ಲೀ., ಸ್ನಾಯುವಿಗೆ, ಭುಜದ ಡೆಲ್ಟಾಯ್ಡ್‌ಗೆ. ಗಾಯವಾದ ತೋಳನ್ನು ಬಿಟ್ಟು ಇನ್ನೊಂದನ್ನು ಆರಿಸಿ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯೂ ಬೇಡ. ಎರಡೂ ತೋಳು ಬಳಸಲಾಗದಿದ್ದರೆ ತೊಡೆಯ ಹೊರಮಗ್ಗುಲು. ಪೃಷ್ಠಕ್ಕೆ ಕೊಡಬೇಡಿ: ಅಲ್ಲಿ ಸೂಜಿ ಕೊಬ್ಬಿನಲ್ಲೇ ಉಳಿಯಬಹುದು, ನರಕ್ಕೂ ತಾಗಬಹುದು.

1. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ನೀವೂ ಕುಳಿತುಕೊಳ್ಳಿ. ನಿಂತು ಮೇಲಿನಿಂದ ಚುಚ್ಚುವವರ ಸೂಜಿ ಭುಜದ ಕೀಲಿಗೆ ಹತ್ತಿರವಾಗುತ್ತದೆ.
2. ತೋಳು ಪೂರ್ತಿ ಕಾಣಲಿ. ಕಾಲರ್ ಜಗ್ಗಿ ಮೇಲಿನಿಂದ ಹುಡುಕುವ ಬದಲು ಅಂಗಿಯ ತೋಳನ್ನು ಬಿಡಿಸಿ.
3. ಭುಜದ ತುದಿಯ ಮೂಳೆಯನ್ನು ಬೆರಳಿನಿಂದ ಮುಟ್ಟಿ. ಅಲ್ಲಿಂದ ಎರಡು ಮೂರು ಬೆರಳಗಲ ಕೆಳಗೆ, ಕಂಕುಳಿನ ಮಡಿಕೆಯ ಮಟ್ಟಕ್ಕಿಂತ ಮೇಲೆ, ಸ್ನಾಯುವಿನ ನಡುಭಾಗ. ಅದೇ ಜಾಗ.
4. ಸ್ಪಿರಿಟ್ ಒರೆಸಿ ಆರಲು ಬಿಡಿ. ಹಸಿಯಲ್ಲೇ ಚುಚ್ಚಿದರೆ ಉರಿಯುತ್ತದೆ.
5. ಸೂಜಿ 90 ಡಿಗ್ರಿಯಲ್ಲಿ, ಒಂದೇ ಚಲನೆಯಲ್ಲಿ. ರಕ್ತ ಬರುತ್ತದೆಯೇ ಎಂದು ಹಿಂದಕ್ಕೆ ಎಳೆದು ನೋಡುವ ಅಗತ್ಯವಿಲ್ಲ.
6. ಸೂಜಿ ತೆಗೆದು ಒತ್ತಿ ಹಿಡಿಯಿರಿ, ತಿಕ್ಕಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ 23 ಗೇಜ್ ಅಥವಾ ಅದಕ್ಕಿಂತ ತೆಳುವಾದ ಸೂಜಿ ಬಳಸಿ ಎರಡು ನಿಮಿಷವಾದರೂ ಒತ್ತಿ.
7. ಮುಚ್ಚಳ ಹಾಕದೆ ಸೂಜಿಯನ್ನು ನೇರ ಡಬ್ಬಿಗೆ ಹಾಕಿ.

ಮೂರನೆಯ ಅಂಶವನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ತೀರಾ ಮೇಲೆ ಕೊಟ್ಟರೆ ಲಸಿಕೆ ಕೀಲಿನ ಚೀಲಕ್ಕೆ ಹೋಗಿ ತಿಂಗಳುಗಟ್ಟಲೆ ಭುಜ ಎತ್ತಲಾಗದ ನೋವು ಉಳಿಯುತ್ತದೆ. ಎರಡು ದಿನದೊಳಗೆ ಶುರುವಾಗಿ ವಾರ ಕಳೆದರೂ ತಗ್ಗದ ಭುಜನೋವನ್ನು ‘ಸೂಜಿಯ ನೋವು’ ಎಂದು ತಳ್ಳಿಹಾಕಬಾರದು.

## ಹಂತ 8: ಇಮ್ಯುನೊಗ್ಲಾಬ್ಯುಲಿನ್ ಬೇಕಾದಾಗ

ವಯಸ್ಕರಿಗೆ ಸಾಮಾನ್ಯ ಪ್ರಮಾಣ 250 ಅಂತರರಾಷ್ಟ್ರೀಯ ಯೂನಿಟ್, ಸ್ನಾಯುವಿಗೆ. ಗಾಯವಾಗಿ 24 ಗಂಟೆ ದಾಟಿದ್ದರೆ, ಕೊಳಕು ವಿಪರೀತವಿದ್ದರೆ ಅಥವಾ ಸುಟ್ಟ ಗಾಯವಾದರೆ 500 ಯೂನಿಟ್ ಎನ್ನುವ ಮಾರ್ಗಸೂಚಿಗಳೂ ಇವೆ.

ಬೇರೆ ಸಿರಿಂಜ್, ಬೇರೆ ಸೂಜಿ, ಬೇರೆ ಅಂಗ. ಲಸಿಕೆ ಒಂದು ತೋಳಿಗಾದರೆ ಇದು ಇನ್ನೊಂದು ತೋಳಿಗೆ ಅಥವಾ ತೊಡೆಗೆ. ಎರಡನ್ನೂ ಒಂದೇ ಸಿರಿಂಜ್‌ಗೆ ಎಳೆದರೆ ಒಂದು ಇನ್ನೊಂದನ್ನು ಅಲ್ಲೇ ಕಟ್ಟಿಹಾಕುತ್ತದೆ. ಸ್ನಾಯುವಿಗೆಂದು ತಯಾರಾದದ್ದನ್ನು ಎಂದೂ ರಕ್ತನಾಳಕ್ಕೆ ಕೊಡಬೇಡಿ.

ಇಮ್ಯುನೊಗ್ಲಾಬ್ಯುಲಿನ್ ಕೊಟ್ಟೆವು, ಲಸಿಕೆ ಮುಂದಿನ ವಾರ ನೋಡೋಣ ಎನ್ನುವುದು ಇಲ್ಲಿನ ದೊಡ್ಡ ತಪ್ಪು. ರೋಗಿ ಮುಂದಿನ ವಾರ ಬರುವುದಿಲ್ಲ. ಎರಡನ್ನೂ ಅಂದೇ ಕೊಡಿ.

ಮಾನವ ಇಮ್ಯುನೊಗ್ಲಾಬ್ಯುಲಿನ್ ಸಿಗದ ಕಡೆ ಕುದುರೆಯ ರಕ್ತಸಾರದಿಂದ ತಯಾರಿಸಿದ ಎ.ಟಿ.ಎಸ್. ಬಳಸುವುದುಂಟು. ಅದಕ್ಕೆ ಚರ್ಮದ ಪರೀಕ್ಷೆ ಬೇಕು. ಪರೀಕ್ಷೆಯಲ್ಲಿ ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ತೀವ್ರ ಅಲರ್ಜಿ ಆಗುವುದೇ ಇಲ್ಲ ಎಂದಲ್ಲ. ವಾರ ಹತ್ತು ದಿನದ ನಂತರ ಜ್ವರ, ದದ್ದು, ಕೀಲುನೋವು ಬರಬಹುದೆಂದು ಮೊದಲೇ ತಿಳಿಸಿ.

## ಹಂತ 9: ಹದಿನೈದು ನಿಮಿಷ ಕಾಯಿರಿ

ಕನಿಷ್ಠ 15 ನಿಮಿಷ. ಹಿಂದೆ ಯಾವುದಕ್ಕಾದರೂ ತೀವ್ರ ಅಲರ್ಜಿ ಆದವರಿಗೆ 30. ಡ್ರೆಸಿಂಗ್ ಮುಗಿಸಲು, ಔಷಧಿ ವಿವರಿಸಲು ಈ ಸಮಯ ಬಳಸಿಕೊಳ್ಳಿ.

ಹೆಚ್ಚಾಗಿ ಕಾಣುವುದು ಬರೀ ತಲೆಸುತ್ತು. ಮುಖ ಬಿಳಿಚುತ್ತದೆ, ಬೆವರುತ್ತದೆ, ನಾಡಿ ನಿಧಾನವಾಗುತ್ತದೆ, ಮಲಗಿಸಿ ಕಾಲು ಎತ್ತಿದರೆ ಚೇತರಿಸಿಕೊಳ್ಳುತ್ತಾರೆ. ಅನಾಫಿಲಾಕ್ಸಿಸ್‌ನ ಮುಖವೇ ಬೇರೆ: ಮೈಮೇಲೆ ದದ್ದು, ತುಟಿ ನಾಲಗೆ ಊತ, ಉಬ್ಬಸ, ಧ್ವನಿ ಕಟ್ಟುವುದು, ವೇಗದ ದುರ್ಬಲ ನಾಡಿ, ಕೆಲವರಿಗೆ ವಾಂತಿ.

ಅನಾಫಿಲಾಕ್ಸಿಸ್ ಎನ್ನಿಸಿದ ಕ್ಷಣವೇ 1:1000 ಅಡ್ರಿನಲಿನ್ 0.5 ಮಿ.ಲೀ. ತೊಡೆಯ ನಡುವಿನ ಹೊರಭಾಗದ ಸ್ನಾಯುವಿಗೆ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಒರಗಿ ಕೂರಿಸಿ. ಆಮ್ಲಜನಕ, ಸಲೈನ್, ಸಹಾಯಕ್ಕೆ ಕೂಗು. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಅಡ್ರಿನಲಿನ್ ಮತ್ತೊಮ್ಮೆ. ಅಲರ್ಜಿ ಮಾತ್ರೆ, ಸ್ಟಿರಾಯ್ಡ್ ಮೊದಲು ಕೊಟ್ಟು ಕಾದು ನೋಡುವುದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ.

## ಹಂತ 10: ಬರೆದಿಡಿ, ಮುಂದಿನ ದಿನಾಂಕ ಕೊಡಿ

ಲಸಿಕೆಯ ಪೂರ್ಣ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಪ್ರಮಾಣ, ಯಾವ ತೋಳು, ಕೊಟ್ಟವರ ಸಹಿ. ಕೇಸ್ ಶೀಟಿನಲ್ಲಷ್ಟೇ ಅಲ್ಲ, ರೋಗಿಯ ಕೈಗೆ ಹೋಗುವ ಚೀಟಿಯಲ್ಲೂ. ‘ಇಂ. ಟಿ.ಟಿ. ಕೊಡಲಾಗಿದೆ’ ಎಂಬ ಒಂದೇ ಸಾಲು ಹತ್ತು ವರ್ಷದ ನಂತರ ಯಾರಿಗೂ ಉಪಯೋಗವಿಲ್ಲ. ಚೀಟಿಯನ್ನು ಅಲ್ಲೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಲು ಹೇಳಿ, ತೆಗೆಯುವವರೆಗೆ ಬಿಡಬೇಡಿ.

ಮೂರು ಡೋಸ್ ಪೂರ್ಣವಾಗದವರಿಗೆ ಇವತ್ತಿನದು ಬೂಸ್ಟರ್ ಅಲ್ಲ, ಆರಂಭ. ಎರಡನೆಯದು ಕನಿಷ್ಠ 4 ವಾರದ ನಂತರ, ಮೂರನೆಯದು ಅದಾದ 6ರಿಂದ 12 ತಿಂಗಳಿಗೆ. ನಡುವೆ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಪಡೆದದ್ದು ಲೆಕ್ಕಕ್ಕಿದೆ, ಉಳಿದದ್ದನ್ನು ಕೊಟ್ಟರಾಯಿತು. ಹೊಲಿಗೆ ಬಿಚ್ಚಲು ಬರುವ ದಿನವನ್ನು ಜನ ಮರೆಯುವುದಿಲ್ಲ, ಎರಡನೆಯ ಡೋಸ್‌ನ ದಿನವನ್ನು ಮರೆಯುತ್ತಾರೆ. ಆದ್ದರಿಂದ ಹೊಲಿಗೆ ಬಿಚ್ಚುವ ದಿನ ಮತ್ತೊಮ್ಮೆ ಜ್ಞಾಪಿಸಿ.

## ಪ್ರಾಣಿ ಕಚ್ಚಿದ್ದರೆ

ಧನುರ್ವಾಯು ಲೆಕ್ಕ ಇಲ್ಲೂ ಅನ್ವಯಿಸುತ್ತದೆ, ಆದರೆ ಅಲ್ಲಿಗೇ ನಿಂತರೆ ರೇಬೀಸ್ ತಪ್ಪಿಹೋಗುತ್ತದೆ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ರೇಬೀಸ್ ಲಸಿಕೆ ಮತ್ತು ರೇಬೀಸ್ ಇಮ್ಯುನೊಗ್ಲಾಬ್ಯುಲಿನ್‌ನ ನಿರ್ಧಾರವನ್ನು ಅಂದೇ ಮಾಡಿ. ‘ಟಿ.ಟಿ. ಹಾಕಿದ್ದಾರೆ’ ಎಂಬ ನೆಮ್ಮದಿಯಲ್ಲಿ ಮನೆಗೆ ಹೋದವರನ್ನು ಹಿಂದಕ್ಕೆ ಕರೆಸುವುದು ಸುಲಭವಲ್ಲ.

## ಮನೆಗೆ ಕಳಿಸುವ ಮುನ್ನ ಹೇಳಬೇಕಾದ ಚಿಹ್ನೆಗಳು

ತೋಳಿನ ನೋವು, ಸ್ವಲ್ಪ ಊತ, ಸಣ್ಣ ಜ್ವರ ಒಂದೆರಡು ದಿನ ಇರುತ್ತದೆ. ತಣ್ಣೀರು ಬಟ್ಟೆ, ಪ್ಯಾರಾಸಿಟಮಾಲ್ ಸಾಕು.

ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು, ದುರ್ವಾಸನೆ, ಚಳಿಜ್ವರ ಇದ್ದರೆ ಆ ದಿನವೇ ಬರಬೇಕು.

ಧನುರ್ವಾಯುವಿನ ಮೊದಲ ಚಿಹ್ನೆ ಗಾಯದಲ್ಲಿ ಕಾಣಿಸುವುದು ಅಪರೂಪ. ಗಾಯ ಒಣಗಿ ಮರೆತೂ ಹೋಗಿರುತ್ತದೆ. ಬಾಯಿ ತೆರೆಯಲು ಬಿಗಿಯಾಗುವುದು, ಅಗಿಯಲು ನುಂಗಲು ಕಷ್ಟ, ಕುತ್ತಿಗೆ ಸೆಟೆಯುವುದು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ಸದ್ದಿಗೋ ಬೆಳಕಿಗೋ ಮೈ ಸೆಳೆಯುವುದು. ಇದನ್ನು ಹಲ್ಲುನೋವೆಂದು, ಕುತ್ತಿಗೆ ಉಳುಕಿತೆಂದು ತಿಳಿದು ದಿನ ಕಳೆಯುವವರಿದ್ದಾರೆ. ಆದ್ದರಿಂದ ಚೀಟಿಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ಮುಂದಿನ ಮೂರು ನಾಲ್ಕು ವಾರಗಳಲ್ಲಿ ಯಾವತ್ತಾದರೂ ದವಡೆ ಬಿಗಿದರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಬನ್ನಿ, ಗಾಯವಾಗಿತ್ತು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಬರೆದದ್ದನ್ನು ಜೊತೆಗೆ ಬಂದವರಿಗೂ ಓದಿ ಹೇಳಿ. ದವಡೆ ಬಿಗಿದ ದಿನ ಮಾತನಾಡಬೇಕಾದವರು ಅವರೇ.